ಎರಡು ಮಹಡಿ ಕೆಳಗಿರುವ ಇವರಿಗೆ

ಲುಸರ್ನ್ ಹತ್ತಿರದ ಹಳ್ಳಿ, ಸ್ವಿಟ್ಜರ್‌ಲೆಂಡ್
18 ಜೂನ್ 1999

ಸುಮತಿಗೆ,

ನಾನು ಚೆನ್ನಾಗಿದ್ದೇನೆ. ಎಣ್ಣೆ ಸಿಡಿದು ಸುಟ್ಟ ಕೈ ಮಾಯಿತು. ನೀನು ಹೇಳಿದ ಮುಲಾಮು ಇಲ್ಲಿ ಸಿಗಲಿಲ್ಲ, ಜೇನುತುಪ್ಪ ಹಚ್ಚಿದೆ. ಅರ್ಚಿತಾಳ ಕಾಲೇಜು ಶುರುವಾಗಿರಬೇಕು. ಈ ವರ್ಷವಾದರೂ ಬಸ್ಸಿನ ಬಾಗಿಲಲ್ಲಿ ನಿಲ್ಲಬೇಡವೆಂದು ಹೇಳು.

ಒಂದು ಸುದ್ದಿ ಇದೆ. ಮುಂಬಯಿಯಿಂದ ನಮ್ಮ ಟೂರ್ ಕಂಪನಿಯ ಸಾಹೇಬರೇ ಈ ಸಲದ ಗುಂಪಿನ ಜೊತೆ ಬಂದಿದ್ದರು. ದಾದರದಲ್ಲಿ ಒಂದು ಟೇಬಲ್ಲು, ಒಂದು ಫೋನು ಇಟ್ಟುಕೊಂಡು ಅವರು ಕಂಪನಿ ಶುರು ಮಾಡಿದಾಗಿನಿಂದ ಗುಂಪಿಗೆ ಅಡುಗೆ ಮಾಡುತ್ತ ಬಂದ ಮಹಾರಾಜ್ ನಾನು ತಾನೆ. ಊಟ ಮುಗಿಸಿ ಅಡುಗೆಮನೆಗೆ ಬಂದು, "ಮಹಾರಾಜ್, ಮುಂದಿನ ವರ್ಷ ನಿಮ್ಮ ಮನೆಯವರನ್ನು ಒಂದು ಟೂರಿಗೆ ಕರೆತನ್ನಿ. ಬಸ್ಸಿನಲ್ಲಿ ಒಂದು ಸೀಟು ಅವರದ್ದು" ಎಂದರು. ಯಾವ ಟೂರು ಎಂದು ನಾವೇ ಆರಿಸಬೇಕಂತೆ.

ನೀನು ಏನನ್ನುತ್ತೀಯೋ ಗೊತ್ತಿಲ್ಲ. ನನ್ನ ಅಭಿಪ್ರಾಯ ಬರೆಯುತ್ತೇನೆ. ಸಿಂಗಾಪುರ, ಬ್ಯಾಂಕಾಕ್ ಬೇಡ. ಸೆಕೆ ಕುಮಟೆಯದ್ದೇ, ಅಷ್ಟು ದೂರ ಹೋಗಿ ಅದೇ ಬೆವರು ಯಾಕೆ. ಈಜಿಪ್ಟಿನಲ್ಲಿ ಟೊಮೆಟೊ ಒಳ್ಳೆಯದು, ಆದರೆ ನೀರು ನಂಬಲಾಗದು. ಯುರೋಪಾದರೆ ಒಂದೇ ಸುತ್ತಿನಲ್ಲಿ ನಾಲ್ಕಾರು ದೇಶ. ಪ್ಯಾರಿಸ್ ದೊಡ್ಡ ಊರು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಬೆಂಡೆಕಾಯಿ ಕೂಡ ಸಿಗುತ್ತದೆ. ಹಾಲೆಂಡಿನ ಬಟಾಟೆಗೆ ಜೋಡಿಯಿಲ್ಲ. ವೆನಿಸ್ಸಿಗೆ ಅಕ್ಕಿಚೀಲ ದೋಣಿಯಲ್ಲೇ ಬರಬೇಕು. ಒಮ್ಮೆ ಒಂದು ಚೀಲ ನೀರಿಗೆ ಬಿದ್ದು ನಾನು ಅಳುವುದೊಂದೇ ಬಾಕಿ. ಇವೆಲ್ಲಕ್ಕಿಂತ ಈ ಹಳ್ಳಿ. ಇಲ್ಲಿಯ ಅಡುಗೆಮನೆಗೆ ದೊಡ್ಡ ಕಿಟಕಿ ಇದೆ. ಕಿಟಕಿಯಲ್ಲಿ ಬೆಟ್ಟ, ಬೆಟ್ಟದ ಮೇಲೆ ಹಿಮ. ಜನ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, "ವಿಗ್ನಿ" ಎನ್ನುತ್ತಾರೆ, ಅಷ್ಟೇ ಬರುವುದು ಅವರಿಗೆ. ಹಾಲು ಎಂಥ ಹಾಲು! ಯಾವುದನ್ನು ಬಿಟ್ಟರೂ ನೀನು ಈ ಹಳ್ಳಿಯನ್ನು ನೋಡಬೇಕು.

ವಿಚಾರ ಮಾಡಿ ಬರೆ.

ನಿನ್ನ
ವಿಘ್ನೇಶ್ವರ


ಬಗ್ಗೋಣ ರಸ್ತೆ, ಕುಮಟಾ
9 ಜುಲೈ 1999

ಇವರಿಗೆ, ಸುಮತಿಯ ನಮಸ್ಕಾರ.

ಕಾಗದ ನಿನ್ನೆ ಬಂತು. ಅರ್ಚಿತಾ ನನಗಿಂತ ಮೊದಲೇ ಒಡೆದು ಓದಿದ್ದಾಳೆ. ಶಾಲೆಯಿಂದ ಬರುತ್ತಿದ್ದ ನನ್ನನ್ನು ಗೇಟಿನಲ್ಲೇ ತಡೆದು, "ಆಯಿ, ನಿಂಗೆ ಪಾಸ್‌ಪೋರ್ಟ್ ಮಾಡ್ಸವು" ಎಂದಳು. ನಾನು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

ನಮ್ಮ ಶಾಲೆಯ ನೇತ್ರಾ ನಿಮಗೆ ಗೊತ್ತಲ್ಲ, ಹೊನ್ನಾವರದಿಂದ ದಿನಾ ಬಂದು ಹೋಗುವವಳು. ಅವಳಿಗೆ ಹೇಳಿದೆ. "ಅಕ್ಕೋರೆ, ನೀವ್ ಹೋಗುದಿಲ್ಲ ಅಂದ್ರೆ ಆ ಸೀಟು ನಂಗೆ ಕೊಡಿ, ಮಹಾರಾಜ್ರ ಹೆಂಡ್ತಿ ನಾನೇ ಹೇಳಿ ಹೋಗಿ ಬತ್ತೆ" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ನಗಿಸಿದಳು.

ನನಗೆ ಮಾತ್ರ ಒಂದು ತೊಂದರೆ. ನಾಲ್ಕನೇ ತರಗತಿಯ ಗೋಡೆಯಲ್ಲಿ ಭೂಪಟ ತೂಗುಹಾಕಿ ಮಕ್ಕಳಿಗೆ ದೇಶಗಳನ್ನು ತೋರಿಸುವವಳು ನಾನು. ನನ್ನ ಗಂಡ ಆ ದೇಶಗಳಲ್ಲೆಲ್ಲ ತಿರುಗಿದವರು. ನಿಮ್ಮ ಕಾಗದಗಳಿಂದ ಪ್ಯಾರಿಸ್ಸಿನ ಬೆಂಡೆಕಾಯಿ ಓಣಿ ನನಗೆ ಗೊತ್ತು, ಪ್ಯಾರಿಸ್ ಗೊತ್ತಿಲ್ಲ. ವೆನಿಸ್ಸಿನಲ್ಲಿ ಅಕ್ಕಿ ನೀರಿಗೆ ಬಿದ್ದದ್ದು ಗೊತ್ತು, ಆ ನೀರಿನ ಬಣ್ಣ ಗೊತ್ತಿಲ್ಲ. ಊರು ನೋಡಲು ಕರೆಯುವವರು ಊರು ಹೇಗಿದೆ ಎಂದು ಬರೆಯಬೇಡವೇ?

ಇನ್ನೊಂದು ಮಾತು. ನೀವು ಯಾವುದನ್ನೂ ಎರಡು ಸಲ ಹೊಗಳುವವರಲ್ಲ. ಹಪ್ಪಳ ಎಷ್ಟೇ ಚೆನ್ನಾಗಿರಲಿ, "ಅಡ್ಡಿಲ್ಲೆ" ಎಂಬಲ್ಲಿಗೆ ಮುಗಿಯಿತು. ಆ ಹಳ್ಳಿಯನ್ನು ಮಾತ್ರ ಇಷ್ಟೊಂದು ಹೊಗಳಿದ್ದೀರಿ. ಯಾಕೆ?

ಸುಮತಿ


ಅದೇ ಹಳ್ಳಿ
2 ಆಗಸ್ಟ್ 1999

ಸುಮತಿಗೆ,

ನೀನು ಕೇಳಿದ್ದು ಸರಿ. ನಾನು ಊರು ನೋಡಿದ್ದರೆ ತಾನೆ ಬರೆಯುವುದು. ಗುಂಪು ಬೆಟ್ಟಕ್ಕೆ ಸಿದ್ಧವಾಗುವಾಗ ನಾನು ಅವರ ಕಟ್ಟು ಬುತ್ತಿಗೆ ಪೂರಿ ಲಟ್ಟಿಸುತ್ತಿರುತ್ತೇನೆ. ಅವರು ತಿರುಗಿ ಬಂದಾಗ ಸಾರಿಗೆ ಒಗ್ಗರಣೆ. ಮರುದಿನ ಅವರು ಇನ್ನೂ ಹಾಸಿಗೆಯಲ್ಲಿರುವಾಗ ನಾವು ಪಾತ್ರೆಗಳ ವ್ಯಾನಿನಲ್ಲಿ ಮುಂದಿನ ಊರಿಗೆ. ಬಡಿಸುವಾಗ ಅವರು ಆಡಿಕೊಳ್ಳುವ ಮಾತು ಕಿವಿಗೆ ಬೀಳುತ್ತದೆ: ಗೋಪುರ ಹಾಗಿತ್ತು, ಜಲಪಾತ ಹೀಗಿತ್ತು. ನನ್ನ ಪ್ರಪಂಚವೆಲ್ಲ ಬಡಿಸುವಾಗ ಕೇಳಿದ್ದು. ಬೇಸರ ಎಂದಲ್ಲ. ಉಂಡವರು ಚೆನ್ನಾಗಿತ್ತು ಎಂದರೆ ನನಗೆ ಸಾಕು, ಅದು ನಿನಗೂ ಗೊತ್ತು.

ನೀನು ಬಾ. ಪಾಸ್‌ಪೋರ್ಟಿಗೆ ಅರ್ಜಿ ಹಾಕು.

ಈ ಹಳ್ಳಿ ಯಾಕೆ ಎಂದು ಕೇಳಿದ್ದಿ. ಬಂದು ನೋಡಿದರೆ ನಿನಗೇ ತಿಳಿಯುತ್ತದೆ. ಹೊರಗೆ ಗಾಡಿ ನಿಂತಿದೆ, ಹಾಲಿನವನದ್ದು. ನಿಲ್ಲಿಸುತ್ತೇನೆ.

ನಿನ್ನ
ವಿಘ್ನೇಶ್ವರ


ಕುಮಟಾ
3 ಏಪ್ರಿಲ್ 2000

ಇವರಿಗೆ, ನಮಸ್ಕಾರ.

ನೀವು ರೈಲು ಹತ್ತಿ ಒಂದು ವಾರವಾಯಿತು. ಚಳಿಗಾಲವಿಡೀ ಮನೆಯಲ್ಲಿದ್ದಿರಿ. ಈ ವಿಷಯ ಒಂದು ದಿನವೂ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಪೇಪರ್ ಓದಿದಿರಿ, ಗಿಬ್ ಸರ್ಕಲ್ಲಿನವರೆಗೆ ನಡೆದು ಬಂದಿರಿ, ಬಾವಿಕಟ್ಟೆ ರಿಪೇರಿ ಮಾಡಿಸಿದಿರಿ. ಎದುರಿಗೆ ಕುಳಿತಾಗ ನಮಗೆ ಮಾತೇ ಬರುವುದಿಲ್ಲ. ಮದುವೆಯಾದಾಗಿನಿಂದ ಕಾಗದದಲ್ಲೇ ಸಂಸಾರ ಮಾಡಿ ಹೀಗಾಯಿತೋ ಏನೋ.

ಇರಲಿ. ಪಾಸ್‌ಪೋರ್ಟ್ ವಿಚಾರಣೆಗೆ ಪೋಲೀಸ್ ಲಿಂಗಪ್ಪ ಬಂದದ್ದನ್ನು ನಿಮಗೆ ಹೇಳಿರಲಿಲ್ಲ. ಅವನ ಮಗಳು ನನ್ನ ತರಗತಿಯಲ್ಲೇ ಇರುವವಳು. ಕುರ್ಚಿಯ ತುದಿಯಲ್ಲಿ ಕುಳಿತು, "ಅಕ್ಕೋರೆ, ಯಾವ್ ದೇಶಕ್ಕೆ ಹೊಂಟದ್ದು?" ಎಂದ. ಇನ್ನೂ ಗೊತ್ತಿಲ್ಲ ಎಂದೆ. "ಗೊತ್ತಿಲ್ಲದೇ ಇದ್ರೆ ನಾ ಎಂತ ಬರೆಯೂದು?" ಎಂದು ಪೆನ್ನು ಹಿಡಿದು ಕೂತ. ಕೊನೆಗೆ ನಾನೇ, "ಅವರು ಇರುವ ದೇಶಕ್ಕೆ" ಎಂದೆ. ಅವನು ಅದನ್ನೇ ಬರೆದುಕೊಂಡನೋ ಏನೋ, ಪಾಸ್‌ಪೋರ್ಟ್ ಬಂದಿದೆ. ವೀಸಾದ ಕಾಗದಪತ್ರವನ್ನೆಲ್ಲ ನಿಮ್ಮ ಆಫೀಸಿಗೆ ಕಳಿಸಿದ್ದೇನೆ.

ಬರುತ್ತೇನೆ. ಶಾಲೆಗೆ ಬೇಸಿಗೆ ರಜೆ. ಅರ್ಚಿತಾ ಹಳದೀಪುರದ ನನ್ನ ಅಕ್ಕನ ಮನೆಯಲ್ಲಿರುತ್ತಾಳೆ. ಪಕ್ಕದ ಮನೆಯ ಹೊನ್ನಮ್ಮ ಗಿಡಗಳಿಗೆ ನೀರು ಹಾಕುತ್ತೇನೆಂದಿದ್ದಾಳೆ.

ಸುಮತಿ


ದಾದರ, ಮುಂಬಯಿ
11 ಏಪ್ರಿಲ್ 2000

ಸುಮತಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಾವು ಅಡುಗೆಯವರು ಮುಂಚೆ ಹೋಗುತ್ತೇವೆ. ನೀನು ಗುಂಪಿನ ಜೊತೆ ವಿಮಾನದಲ್ಲಿ ಬರುತ್ತೀ. ಗುಂಪಿನ ಮ್ಯಾನೇಜರ್ ಗುರುದತ್ತ, ನಮ್ಮ ಶಿರಾಲಿಯವ, ಎಲ್ಲ ನೋಡಿಕೊಳ್ಳುತ್ತಾನೆ. ಉಣ್ಣೆಯ ಸ್ವೆಟರ್ ತಾ. ಚಪ್ಪಲಿ ಸಾಲದು, ಬೂಟು ಕೊಂಡುಕೋ, ಸೀರೆಗೆ ಬೂಟು ಎಂದು ನಾಚಬೇಡ, ಅಲ್ಲಿ ಎಲ್ಲರೂ ಹಾಗೇ.

ನಿನ್ನ ಕೋಣೆಯಲ್ಲಿ ಕುಸುಮಬೆನ್ ಎಂಬ ಗುಜರಾತಿ ವಿಧವೆ ಇರುತ್ತಾರೆ. ನಾವು ಅಡುಗೆಯವರೆಲ್ಲ ಕೆಳಗೆ ಒಂದೇ ಕೋಣೆಯಲ್ಲಿ. ಕಂಪನಿಯ ನಿಯಮ.

ಒಂದೇ ಒಂದು ಮಾತು ನಡೆಸಿಕೊಡು. ಅಡುಗೆಮನೆಗೆ ಬರಬೇಡ. ನೀನು ಬಂದರೆ ಸೆರಗು ಸಿಕ್ಕಿಸಿ ಈರುಳ್ಳಿ ಹೆಚ್ಚಲು ಕೂರುತ್ತೀ, ನನಗೆ ಗೊತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತುಕೋ. ನೋಡು.

ವಿಘ್ನೇಶ್ವರ


ಹೋಟೆಲ್ ಕೋಣೆ, ಪ್ಯಾರಿಸ್
26 ಏಪ್ರಿಲ್ 2000

ಎರಡು ಮಹಡಿ ಕೆಳಗಿರುವ ಇವರಿಗೆ,

ಕಾಗದ ಬರೆದುಕೊಟ್ಟರೆ ನಿಮಗೆ ಮುಟ್ಟಿಸುತ್ತೀಯಾ ಎಂದು ಕೇಳಿದಾಗ ಗುರುದತ್ತ ನನ್ನ ಮುಖ ನೋಡಿದ. "ಎಂತ ಅಕ್ಕ, ಒಂದೇ ಹೋಟ್ಲಲ್ಲಿ ಇದ್ದು ಪೋಸ್ಟ್ ಮಾಡ್ತ್ರಾ?" ಎಂದ. ಹೌದಪ್ಪ, ನಮಗೆ ಹೀಗೇ ರೂಢಿ ಎಂದೆ.

ನಿನ್ನೆ ಊಟಕ್ಕೆ ಕುಳಿತಾಗ ನೀವೇ ಬಡಿಸಲು ಬಂದಿರಿ. ಬಿಳಿ ಟೊಪ್ಪಿಗೆ ಹಾಕಿದ ನಿಮ್ಮನ್ನು ನಾನು ನೋಡಿಯೇ ಇರಲಿಲ್ಲ. ಎಲ್ಲರನ್ನೂ ಕೇಳಿದಂತೆ ನನ್ನನ್ನೂ, ಇನ್ನು ಸ್ವಲ್ಪ ಬೇಕೇ ಎಂದು ಹಿಂದಿಯಲ್ಲೇ, "ಥೋಡಾ ಔರ್?" ಎಂದಿರಿ. ನನಗೆ ನಗು ಬಂತು, ತಟ್ಟೆ ಮುಂದೆ ಹಿಡಿದೆ. ನಿಮ್ಮ ಕೈಯಡುಗೆಯನ್ನು ನಾನು ಕುಳಿತು ಉಂಡದ್ದು ಇದೇ ಮೊದಲು. ಕುಸುಮಬೆನ್ ನನ್ನನ್ನು ತಿವಿದು, "ಈ ಮಹಾರಾಜನ ದಾಲ್‌ಗಾಗಿಯೇ ನಾನು ಮತ್ತೆ ಬಂದದ್ದು" ಎಂದರು. ಅವರು ನನ್ನ ಗಂಡ ಎಂದು ಹೇಳಿದೆ. ಆಕೆ ಚಮಚ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?" ಎಂದರು. ನಾನೇ ಎಂದೆ. "ಮೂರ್ಖಳು!" ಎಂದರು.

ಈಗ ಊರು. ನೀವು ಬಂದಿದ್ದೂ ನೋಡದ ಊರನ್ನು ನಾನು ಬರೆಯುತ್ತೇನೆ, ಓದಿಕೊಳ್ಳಿ. ಗೋಪುರ ಎಲ್ಲರೂ ಹೇಳುವಷ್ಟು ಎತ್ತರವೇ. ಆದರೆ ನನಗೆ ಹಿಡಿಸಿದ್ದು ನದಿ. ನಮ್ಮ ಶರಾವತಿಯ ಕಾಲು ಪಾಲೂ ಅಗಲವಿಲ್ಲ. ಎರಡೂ ದಂಡೆಗೆ ಕಲ್ಲು ಕಟ್ಟಿ, ಅದಕ್ಕೆ ತಾಗಿ ಹಳೆಯ ಪುಸ್ತಕ ಮಾರುವವರ ಹಸಿರು ಪೆಟ್ಟಿಗೆಗಳು. ಒಬ್ಬ ಮುದುಕ ಗಿರಾಕಿ ಇಲ್ಲದೆ ತನ್ನ ಪುಸ್ತಕವನ್ನೇ ತಾನು ಓದುತ್ತ ಕುಳಿತಿದ್ದ. ನೀರಿನ ಬಣ್ಣ ಹೆಸರುಕಾಳು ನೆನೆಹಾಕಿದ ನೀರಿನ ಹಾಗೆ. ನಿಮಗೆ ತಿಳಿಯಲೆಂದು ಅಡುಗೆಮನೆಯ ಮಾತಿನಲ್ಲೇ ಬರೆದೆ.

ಸುಮತಿ


27 ಏಪ್ರಿಲ್, ಬೆಳಿಗ್ಗೆ

ಸುಮತಿ,

ಉಪ್ಪಿಟ್ಟು ಇಳಿಸಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿ, ತರಕಾರಿ ತರಲು ಹೋದವನು ವ್ಯಾನನ್ನು ಸೇತುವೆ ದಾಟಿಸಿ ನಿಲ್ಲಿಸಲು ಹೇಳಿದೆ. ಇಳಿದು ನೋಡಿದೆ. ಹೆಸರುಕಾಳಿನ ನೀರು ಹೌದು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಇಷ್ಟು ವರ್ಷ ಆ ಸೇತುವೆಯನ್ನು ನಾನು ಎಷ್ಟು ಸಲ ದಾಟಿರಬಹುದು!

ಮುಂದಿನ ಊರಿನದ್ದೂ ಬರೆ.

ವಿ.


ಹಾಲೆಂಡ್
30 ಏಪ್ರಿಲ್ 2000

ಇವರಿಗೆ,

ಇವತ್ತು ಹೂವಿನ ತೋಟಕ್ಕೆ ಕರೆದೊಯ್ದರು. ಟ್ಯುಲಿಪ್ ಹೂವಂತೆ, ವಾಸನೆಯೇ ಇಲ್ಲ. ಮುಡಿಯಲೂ ಬಾರದು, ದೇವರಿಗೂ ಇಡಲಾಗದು. ಆದರೂ ಕಣ್ಣು ಕೀಳಲಾಗಲಿಲ್ಲ. ಗದ್ದೆಯಂಥ ಗದ್ದೆಯೇ ಒಂದು ಕೆಂಪು, ಪಕ್ಕದ್ದು ಹಳದಿ. ಉಪಯೋಗವಿಲ್ಲದ್ದನ್ನು ಇಷ್ಟು ಶ್ರದ್ಧೆಯಿಂದ ಬೆಳೆಯುವ ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ನೆಲ ಸಮುದ್ರಕ್ಕಿಂತ ತಗ್ಗಂತೆ. ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ, ಇಂದು ಒಡ್ಡಿನ ಮೇಲೆ ನಿಂತು ಎರಡೂ ಬದಿ ನೋಡಿದಾಗ ಅರ್ಥವಾಯಿತು. ಒಂದು ಬದಿ ನೀರು ಮೇಲೆ, ಇನ್ನೊಂದು ಬದಿ ದನ ಕೆಳಗೆ.

ಮೊಣಕಾಲು ನೋವಿನವರಿಗೆ ಹೇಳಿ ಮಾಡಿಸಿದ ದೇಶ, ಏರು ಎಂಬುದೇ ಇಲ್ಲ. ಊರಿಗೆ ಹೋದ ಮೇಲೆ ಅಕ್ಕನಿಗೆ ಹೇಳಬೇಕು.

ನಾಳಿದ್ದು ನಿಮ್ಮ ಹಳ್ಳಿ. ನನಗೇ ಕಾಯುವಂತಾಗಿದೆ.

ಸುಮತಿ


ಲುಸರ್ನ್ ಹತ್ತಿರದ ಹಳ್ಳಿ
3 ಮೇ 2000

ಇವರಿಗೆ,

ಹಳ್ಳಿ ನೀವು ಹೊಗಳಿದ್ದಕ್ಕಿಂತ ಚೆಂದ ಇದೆ. ಅದನ್ನು ಮೊದಲು ಬರೆದುಬಿಡುತ್ತೇನೆ, ಮುಂದೆ ಬರೆಯುವುದರಲ್ಲಿ ಅದು ಮುಚ್ಚಿಹೋಗದಿರಲಿ.

ಇವತ್ತು ಬೆಳಿಗ್ಗೆ ಹೋಟೆಲಿನ ಯಜಮಾನಿ ನನ್ನ ಕೈ ಹಿಡಿದು ಕುಲುಕಿ ಏನೇನೋ ಹೇಳಿದಳು. ಗುರುದತ್ತ ಮಾತು ತಿಳಿಸಿದ. "ಅಕ್ಕ, ನೀವ್ ಚಳಿಗಾಲಕ್ಕೆ ಇಲ್ಲೇ ಇರೂಕೆ ಬತ್ರಿ ಹೇಳಿ ಅವ್ಳಿಗೆ ಖುಷಿ. ಮೇಲಿನ ಎರಡು ಕೋಣೆ ನಿಮ್ಗೆ ಇಟ್ಟಿದ್ದಾಳಂತೆ." ನಾನು ತಿಳಿಯಲಿಲ್ಲ ಎಂದೆ. ಅವನು ಮುಖ ಸಣ್ಣ ಮಾಡಿಕೊಂಡು, ಕಂಪನಿ ಇಲ್ಲಿ ವರ್ಷವಿಡೀ ಅಡುಗೆಮನೆ ನಡೆಸುವುದಂತೆ, ನಿಮ್ಮನ್ನು ಎರಡು ವರ್ಷಕ್ಕೆ ಇಲ್ಲಿ ಇರು ಎಂದಿದ್ದಾರಂತೆ, ಕುಟುಂಬವನ್ನೂ ಕರೆತರಬಹುದಂತೆ ಎಂದೆಲ್ಲ ಹೇಳಿದ. ಹೋದ ವರ್ಷದ ಜೂನಿನಿಂದಲೇ ಈ ಮಾತು ನಡೆದಿದೆಯಂತೆ.

ಜೂನ್ ಎಂದರೆ ನೀವು ನನಗೆ ಮೊದಲು ಬರೆದ ತಿಂಗಳು.

ನೀವು ನನಗೆ ಊರು ತೋರಿಸಲು ಕರೆದಿರೋ, ಮನೆ ತೋರಿಸಲೋ? ಊರಾದರೆ ನೋಡಿದೆ, ಸಂತೋಷ. ಮನೆಯಾದರೆ ನನ್ನನ್ನು ಒಂದು ಮಾತು ಕೇಳಬೇಕಿತ್ತು. ಇಡೀ ಚಳಿಗಾಲ ನಾವಿಬ್ಬರೂ ಒಂದೇ ಮಾಡಿನ ಕೆಳಗಿದ್ದೆವು.

ಕುಸುಮಬೆನ್ ಮಲಗಿದ್ದಾರೆ. ನಾಳೆ ಗುಂಪು ಬೆಟ್ಟಕ್ಕೆ ಹೋಗುತ್ತದೆ. ನನಗೆ ಹೋಗುವ ಮನಸ್ಸಿಲ್ಲ.

ಸುಮತಿ


4 ಮೇ

ಸುಮತಿ,

ನೀನು ಬೆಟ್ಟಕ್ಕೆ ಹೋಗಲೇಬೇಕು. ನಾನೂ ಬರುತ್ತೇನೆ. ಬುತ್ತಿಯೆಲ್ಲ ಕಟ್ಟಿ ಆಗಿದೆ. ಸಂಜೆಯ ಅಡುಗೆ ನನ್ನ ಜೊತೆಯ ಹರಿಹರ ನೋಡಿಕೊಳ್ಳುತ್ತಾನೆ. ಸಾರಿಗೆ ಉಪ್ಪು ಹೆಚ್ಚಾದರೆ ಆಗಲಿ.

ಬಸ್ಸಿನಲ್ಲಿ ನಿನ್ನ ಪಕ್ಕದ ಸೀಟು ಬಿಟ್ಟುಕೊಡುತ್ತಾರೋ ಎಂದು ಕುಸುಮಬೆನ್ ಅವರನ್ನು ಕೇಳು.

ವಿಘ್ನೇಶ್ವರ


ಲುಸರ್ನ್ ಹತ್ತಿರದ ಹಳ್ಳಿ
5 ಮೇ 2000

ಪ್ರೀತಿಯ ಅರ್ಚಿತಾ,

ನಿನಗೆ ಚಿತ್ರದ ಕಾರ್ಡು ಕಳಿಸಿದ್ದೇನೆ, ಅದು ಬೇರೆ. ಇದನ್ನು ದೊಡ್ಡಾಯಿಗೆ ತೋರಿಸಬೇಡ.

ನಿನ್ನೆ ನಿನ್ನ ಅಪ್ಪಯ್ಯನೂ ನಾನೂ ಬೆಟ್ಟ ಹತ್ತಿದೆವು. ಹತ್ತಿದೆವು ಎಂದರೆ ತಂತಿಯ ಮೇಲೆ ಹೋಗುವ ಗಾಜಿನ ಪೆಟ್ಟಿಗೆಯಲ್ಲಿ ಕುಳಿತು. ಅಪ್ಪಯ್ಯ ಕಂಬಿ ಗಟ್ಟಿ ಹಿಡಿದು ಕಣ್ಣು ಮುಚ್ಚಿದ್ದರು. ಮೇಲೆ ಇಳಿದರೆ ಎಲ್ಲಿ ನೋಡಿದರೂ ಹಿಮ. ಅಷ್ಟು ಬೆಳಕನ್ನು ನಾನು ನಮ್ಮ ಕಡಲ ದಂಡೆಯ ಮಧ್ಯಾಹ್ನದಲ್ಲೂ ಕಂಡಿಲ್ಲ. ಗುಂಪಿನವರು ಮಕ್ಕಳ ಹಾಗೆ ಜಾರಿದರು, ಉಂಡೆ ಕಟ್ಟಿ ಎಸೆದಾಡಿದರು. ನಾವಿಬ್ಬರೂ ಒಂದು ಬೆಂಚಿನ ಮೇಲೆ ಕುಳಿತೆವು.

ಕಡೆಗೆ ಅಪ್ಪಯ್ಯ, "ಕಿಟಕಿಲಿ ಕಾಂಬದೇ ಬೇರೆ, ಇದೇ ಬೇರೆ" ಎಂದರು.

"ನಂಗೆ ಎಂತಕ್ಕೆ ಹೇಳಿದ್ದಿಲ್ಲೆ ನಿಂಗ?" ಎಂದೆ. ಬೆಟ್ಟದ ಮಾತಲ್ಲ ಎಂದು ಅವರಿಗೆ ತಿಳಿಯಿತು.

"ಹೇಳಿದ್ರೆ ನೀ ಆಗ್ತಿಲ್ಲೆ ಹೇಳ್ತಿದ್ದೆ. ನೋಡಿದ ಮೇಲೆ ಕೇಳನ ಹೇಳಿ."

"ಇಲ್ಲಿ ಎಂತ ಇದ್ದು ನಿಂಗೊಕೆ? ಮನೆ ಇಲ್ಲೆ, ಮಗಳು ಇಲ್ಲೆ."

ಆಗ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ತಲೆ ಬಗ್ಗಿಸಿ, ಬೂಟಿನ ತುದಿಯಿಂದ ಹಿಮ ಕೆದಕುತ್ತ ಹೇಳಿದರು. "ಅಲ್ಲಿ ನಾ ನೆಂಟ ಅಲ್ದಾ? ಚಳಿಗಾಲಕ್ಕೆ ಬಪ್ಪ ನೆಂಟ. ಬಾಗ್ಲಲ್ಲಿ ಕಂಡ ಕೂಡ್ಲೆ ನೀ ಆಸ್ರಿಗೆ ಬೆಲ್ಲ-ನೀರು ಕೊಡ್ತೆ, ಮಡಿಕೆ ಬಿಚ್ಚದ ಟವೆಲ್ಲು ಕೊಡ್ತೆ. ಮಗಳು ಎದ್ದು ಕುರ್ಚಿ ಬಿಡ್ತು. ಯಾವ ಡಬ್ಬಿಲಿ ಎಂತ ಇದ್ದು ಹೇಳಿ ನಂಗೆ ಗೊತ್ತಿಲ್ಲೆ. ಊರಿಗೆಲ್ಲ ಅಡುಗೆ ಮಾಡ್ದವ, ನನ್ನ ಮನೇಲಿ ಒಂದು ಲೋಟ ಚಾ ಮಾಡ್ಕಂಬಲೆ ಬತ್ತಿಲ್ಲೆ. ಇಲ್ಲಾದ್ರೆ ಬಾಗ್ಲು ತೆಗೆಯವ ನಾನು. ನೀ ಬಂದ್ರೆ ನಾನೇ ಆಸ್ರಿಗೆ ಕೊಡ್ಲಕ್ಕು ಅಂದ್ಕಂಡೆ."

ಅರ್ಚಿತಾ, ಬೇಸಿಗೆ, ಮಳೆಗಾಲವೆನ್ನದೆ ನೂರಾರು ಜನರಿಗೆ ಬೇಯಿಸಿ ಬಂದವರು, ಮನೆಯಲ್ಲಾದರೂ ಒಲೆಯ ಹತ್ತಿರ ಬರದಿರಲಿ ಎಂದೇ ನಾನು ಎಲ್ಲವನ್ನೂ ಕೈಗೆ ತಂದು ಕೊಡುತ್ತಿದ್ದುದು. ಅವರು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತು, "ಎಂತಾರು ಮಾಡ್ಲಾ?" ಎಂದಾಗೆಲ್ಲ, "ನಿಂಗ ಕೂತ್ಕಳಿ" ಎಂದು ಕಳಿಸಿದ್ದು ನೆನಪಾಯಿತು. ನೀನು ಎಷ್ಟೋ ಸಲ ನೋಡಿದ್ದೀ.

ಕೇಳಿಯೇಬಿಟ್ಟರು: "ಎರಡು ವರ್ಷ. ಬತ್ಯ?"

"ನಾ ಇಲ್ಲಿ ಬಂದು ಇಪ್ಪಲೆ ಆಗ್ತಿಲ್ಲೆ. ನಂಗೆ ಶಾಲೆ ಇದ್ದು. ಇಲ್ಲಿ ನಾ ಎಂತ ಮಾಡ್ಲಿ, ಕಿಟಕಿಲಿ ಕೂತು ನಿಂಗಳ ಚಾ ಕುಡೀಲಾ? ಇಲ್ಲಿ ನಾ ನೆಂಟಳಾಗ್ತೆ" ಎಂದೆ.

ಅವರು, "ಅದೂ ಹೌದು" ಎಂದರು. ಸಿಟ್ಟಿರಲಿಲ್ಲ.

"ನಿಂಗೊಕೆ ಬೇಕಾದ್ರೆ ನಿಂಗ ಇರಿ. ನಾ ಅಡ್ಡ ಬತ್ನಿಲ್ಲೆ" ಎಂದೂ ಹೇಳಿದೆ. ಅವರು ಬುತ್ತಿ ಬಿಚ್ಚಿ, ಪೂರಿಯಲ್ಲಿ ಪಲ್ಯ ಸುತ್ತಿ ನನಗೆ ಕೊಟ್ಟರು, ತಾವೂ ಒಂದು ತಿಂದರು. "ಇಷ್ಟು ಚಳಿಲಿ ಪೂರಿ ಚರ್ಮ ಆಗ್ತು. ಇವ್ರೆಲ್ಲ ಇಷ್ಟು ವರ್ಷ ಸುಮ್ನೆ ಹೊಗಳಿದ್ದ" ಎಂದರು. ಅವರು ಕಟ್ಟಿ ಕೊಡುವ ಬುತ್ತಿಯನ್ನು ಬೆಟ್ಟದ ಮೇಲೆ ಕುಳಿತು ಅವರೇ ತಿಂದಿರಲಿಲ್ಲ ನೋಡು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಗುರುದತ್ತ ಒಂದು ಫೋಟೋ ಹೊಡೆದ.

ಇಳಿಯುವಾಗ ಅಪ್ಪಯ್ಯ ಕಣ್ಣು ಮುಚ್ಚಲಿಲ್ಲ.

ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಕೇಳುವುದೂ ಇಲ್ಲ. ನಾಳೆ ಇಟಲಿಗೆ ಹೊರಡುತ್ತೇವೆ.

ಆಯಿ


ಲುಸರ್ನ್ ಹತ್ತಿರದ ಹಳ್ಳಿ
20 ಆಗಸ್ಟ್ 2000

ಸುಮತಿಗೆ,

ನೀನು ಹೋದ ಮೇಲೆ ಬರೆಯಲು ತಡವಾಯಿತು. ಕಾಗದ ಹಿಡಿದಾಗಲೆಲ್ಲ ಬೆಂಚಿನ ಮೇಲೆ ಆಡಿದ್ದಕ್ಕಿಂತ ಹೆಚ್ಚು ಹೇಳಲಿಕ್ಕೆ ಏನಿದೆ ಎನ್ನಿಸುತ್ತಿತ್ತು.

ಸಾಹೇಬರಿಗೆ ಆಗದು ಎಂದು ತಿಳಿಸಿದೆ. ಅವರಿಗೆ ಬೇಸರವಾಯಿತು. ಹೋಟೆಲಿನ ಯಜಮಾನಿಗೂ ಆಯಿತು; ಆ ಎರಡು ಕೋಣೆ ಈಗ ಹರಿಹರನಿಗೆ. ಅವನ ಹೆಂಡತಿ ದಸರಾ ಕಳೆದ ಮೇಲೆ ಬರುತ್ತಾಳಂತೆ, ಅವಳಿಗೆ ಹಿಮ ಎಂದರೆ ಹುಚ್ಚಂತೆ. ಒಳ್ಳೆಯದಾಯಿತು. ನಾನು ಬೇಸಿಗೆಯ ಟೂರುಗಳಿಗೆ ಬರುತ್ತೇನೆ, ಕೈಯಲ್ಲಿ ಶಕ್ತಿ ಇರುವ ತನಕ. ಅಡುಗೆ ಬಿಟ್ಟರೆ ನನಗೆ ಬೇರೆ ಗೊತ್ತಿಲ್ಲ, ಬೇರೆ ಬೇಕಾಗಿಯೂ ಇಲ್ಲ. ನಿನಗೆ ಸಂಕಟವಾದೀತೆಂದು ಬಿಟ್ಟದ್ದಲ್ಲ ಇದು. ನೀನು ಇಲ್ಲದ ಕೋಣೆಯಲ್ಲಿ ಬಾಗಿಲು ತೆಗೆದರೂ ಯಾರು ಬರುತ್ತಾರೆ?

ಈಗ ಒಂದು ರೂಢಿ ಮಾಡಿಕೊಂಡಿದ್ದೇನೆ. ಪ್ರತಿ ಊರಿನಲ್ಲೂ ಗುಂಪು ಹೊರಟ ಮೇಲೆ ಏಪ್ರನ್ ಬಿಚ್ಚಿಟ್ಟು ಒಂದಾದರೂ ಜಾಗ ನೋಡಿ ಬರುತ್ತೇನೆ. ವೆನಿಸ್ಸಿನಲ್ಲಿ ಮೊನ್ನೆ ದಾರಿ ತಪ್ಪಿತು. ಓಣಿಯಿಂದ ಓಣಿಗೆ, ಸೇತುವೆಯಿಂದ ಸೇತುವೆಗೆ. ಒಂದು ಕಡೆ ಹೆಂಗಸೊಬ್ಬಳು ಮೇಲಿನ ಕಿಟಕಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸಿದಳು, ಕೆಳಗೆ ದೋಣಿಯಲ್ಲಿದ್ದವನು ಅದರಲ್ಲಿ ರೊಟ್ಟಿ ಇಟ್ಟ. ಬುಟ್ಟಿ ಮೇಲೆ ಹೋದಂತೆ ನೀರಿನಲ್ಲಿ ಅದರ ನೆರಳು ಆಳಕ್ಕೆ ಇಳಿಯುವುದನ್ನು ನೋಡುತ್ತ ನಿಂತೆ. ಗೋಡೆಗಳು ಬುಡದಲ್ಲಿ ಪಾಚಿಗಟ್ಟಿ ಹಸಿರಾಗಿದ್ದವು, ತದಡಿಯ ಧಕ್ಕೆಯಲ್ಲಿ ದೋಣಿ ಕಟ್ಟುವ ಕಂಬಗಳ ಹಾಗೆ. ಒಗ್ಗರಣೆ ಹೊತ್ತಿಗೆ ಹೇಗೋ ಬಂದು ಸೇರಿದೆ.

ನಿನ್ನೆ ಒಬ್ಬರು ಊಟದ ಹೊತ್ತಿಗೆ, "ಮಹಾರಾಜ್, ನನ್ನ ತಮ್ಮ ಮುಂದಿನ ವರ್ಷ ಬರುತ್ತಾನೆ, ಯಾವುದು ತಪ್ಪದೆ ನೋಡಬೇಕು?" ಎಂದು ಕೇಳಿದರು. ಹಿಂದೆಯೂ ಕೇಳುತ್ತಿದ್ದರು, ಎಲ್ಲವೂ ಚೆನ್ನಾಗಿದೆ ಎಂದು ಹೇಳಿ ಬಡಿಸಿಕೊಂಡು ಮುಂದೆ ಹೋಗುತ್ತಿದ್ದೆ. ನಿನ್ನೆ ಸೌಟು ಹಿಡಿದು ನಿಂತು ಹೇಳಿದೆ. ಅವರ ಸಾರು ಆರಿಹೋಯಿತು.

ಅಕ್ಟೋಬರ್ ಕೊನೆಗೆ ಬರುತ್ತೇನೆ. ರೈಲು ಮಧ್ಯಾಹ್ನಕ್ಕೆ ಕುಮಟೆ ಮುಟ್ಟುತ್ತದೆ. ತಾರೀಕು ಗುರುದತ್ತ ಫೋನಿನಲ್ಲಿ ತಿಳಿಸುತ್ತಾನೆ.

ನಿನ್ನ
ವಿಘ್ನೇಶ್ವರ


ಬಗ್ಗೋಣ ರಸ್ತೆ, ಕುಮಟಾ
14 ಅಕ್ಟೋಬರ್ 2000

ಇವರಿಗೆ, ಸುಮತಿಯ ನಮಸ್ಕಾರ.

ಈ ಕಾಗದ ದಾದರದ ಆಫೀಸಿಗೆ ಕಳಿಸುತ್ತಿದ್ದೇನೆ. ನೀವು ಮುಂಬಯಿಗೆ ಇಳಿದ ಕೂಡಲೇ ಸಿಗಲಿ.

ನವರಾತ್ರಿಯಲ್ಲಿ ಮಹಿಳಾ ಮಂಡಳಿಯವರು ಪ್ರವಾಸದ ಬಗ್ಗೆ ನನ್ನಿಂದ ಮಾತಾಡಿಸಿದರು. ಸ್ವಲ್ಪ ಹೇಳಿ ಮುಗಿಸಬೇಕೆಂದಿದ್ದೆ, ಅವರು ಬಿಡಲಿಲ್ಲ. ಎಲ್ಲರಿಗೂ ಎಲ್ಲಿ ಹೋಗಬೇಕು ಎಂಬುದೇ ಪ್ರಶ್ನೆ. ಸೊಂಟ ನೋವಿನವರಿಗೆ ಹಾಲೆಂಡ್ ಎಂದೆ. ಮಗಳ ಮದುವೆ ಗೊತ್ತಾದವರಿಗೆ ಪ್ಯಾರಿಸ್ ಎಂದೆ, ಗೋಪುರದ ಸಾಲಿನಲ್ಲಿ ನಿಂತು ಹೊತ್ತು ಕಳೆಯದೆ ನದಿಯ ದಂಡೆಯಲ್ಲಿ ನಡೆಯಲು ಹೇಳಿ ಎಂದೆ. ಗಂಡನ ಜೊತೆ ಮಾತು ಬಿಟ್ಟವರಿಗೆ ಎಲ್ಲಿ ಎಂದು ನೇತ್ರಾ ಹಿಂದಿನಿಂದ ಕೂಗಿದಳು. ಎಲ್ಲರೂ ನಕ್ಕರು. ನಾನು ಬೆಟ್ಟದ ಹೆಸರು ಹೇಳಲಿಲ್ಲ.

ಮರುದಿನ ಹೊನ್ನಮ್ಮ ಬೇಲಿಯ ಹತ್ತಿರ ನಿಂತು, "ಅಕ್ಕೋರೆ, ಅವ್ರಿಗೆಲ್ಲ ಹೇಳಿದ್ರಿ. ನಾ ಎಲ್ಲಿಗೆ ಹೋಗುಕೆ?" ಎಂದಳು. ಗದ್ದೆ ಕೆಲಸ ಬಿಟ್ಟು ಎಲ್ಲಿಗೂ ಹೋದವಳಲ್ಲ. ಭಾನುವಾರ ಅವಳನ್ನು ಅಪ್ಸರಕೊಂಡಕ್ಕೆ ಕರೆದುಕೊಂಡು ಹೋದೆ. ಮಳೆ ಬಿಟ್ಟ ಹೊಸತು, ನೀರು ತುಂಬಿ ಬೀಳುತ್ತಿತ್ತು. ಅವಳು ಸೀರೆ ಮೇಲೆ ಕಟ್ಟಿ ನೀರಿನ ಕೆಳಗೇ ಹೋಗಿ ನಿಂತು ತಲೆ ಒಡ್ಡಿದಳು. "ಯಾರೂ ಕರೀಲಿಲ್ಲ ಅಲ್ದ ಇಷ್ಟ್ ದಿವ್ಸ" ಎಂದಳು. ಬಸ್ಸಿನಲ್ಲಿ ಬರುವಾಗ, ಮುಂದೆ ಎಲ್ಲಿ ಎಂದು ಕೇಳಿದಳು.

ನೇತ್ರಾಳೂ ನಾನೂ ಬರುವ ಬೇಸಿಗೆಗೆ ಎಲ್ಲಿಗಾದರೂ ಹೋಗಬೇಕೆಂದಿದ್ದೇವೆ. ಈಜಿಪ್ಟ್ ಎಂದು ಅವಳ ಹಟ. ನಿಮ್ಮ ಟೂರು ಅಲ್ಲಿಗೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನೀವು ಬಂದ ಮೇಲೆ ಮಾತಾಡುವ. ಬಾಯಿಂದ.

ಗುರುದತ್ತ ಫೋನಿನಲ್ಲಿ ತಾರೀಕು ಹೇಳಿದ. ಆ ದಿನ ಶಾಲೆಯಲ್ಲಿ ಇನ್‌ಸ್ಪೆಕ್ಷನ್. ನಾನು ಸ್ಟೇಷನ್ನಿಗೆ ಬರುವುದಿಲ್ಲ, ಅರ್ಚಿತಾಳಿಗೂ ಕಾಲೇಜು. ರಜೆ ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ. ಕೀಲಿ ಹೊನ್ನಮ್ಮನ ಹತ್ತಿರ ಇರುತ್ತದೆ. ಬಾಗಿಲು ತೆಗೆದು ಒಳಗೆ ಹೋಗಿ, ಕೈಕಾಲು ತೊಳೆದು, ಚಾ ಮಾಡಿಕೊಂಡು ಕುಡಿಯಿರಿ. ಅರ್ಚಿತಾ ಹಸಿದು ಬರುತ್ತಾಳೆ, ಅವಳಿಗೆ ಏನಾದರೂ ಮಾಡಿಡಿ. ನಾನು ಸಂಜೆ ಬರುತ್ತೇನೆ, ನನಗೂ ಒಂದು ಲೋಟ ಇರಲಿ.

ಯಾವ ಸಾಮಾನು ಎಲ್ಲಿದೆ ಎಂದು ಬರೆಯುವುದಿಲ್ಲ. ಹುಡುಕಿಕೊಳ್ಳಿ.

ನಿಮ್ಮ
ಸುಮತಿ